ಲಿಸ್ಟ್ ಮೊದಲೋ, ಕಥೆ ಮೊದಲೋ? ಮಿನಿಯೇಚರ್ ಯುದ್ಧದಾಟಕ್ಕೆ ಸನ್ನಿವೇಶ ಕಟ್ಟುವ ಸಮಗ್ರ ಮಾರ್ಗದರ್ಶಿ

ಟೇಬಲ್ ಮೇಲೆ ಪುಟ್ಟ ಗೊಂಬೆಗಳ ಎರಡು ಸೈನ್ಯ. ಎರಡೂ ಸರಿಯಾಗಿ 2000 ಪಾಯಿಂಟ್, ಅಂದರೆ ರೂಲ್‌ಬುಕ್ ಪ್ರತಿ ತುಕಡಿಗೂ ಕಟ್ಟಿದ ಬೆಲೆಯ ಮೊತ್ತ. ಆ ತುದಿಯಲ್ಲಿ ಎದುರಾಳಿಯದು, ಈ ತುದಿಯಲ್ಲಿ ನಿಮ್ಮದು. ನಡುವೆ ಕನ್ನಡಿ ಹಿಡಿದ ಹಾಗೆ ಎರಡೂ ಕಡೆ ಒಂದೇ ಥರ ಜೋಡಿಸಿದ ಪಾಳು ಗೋಡೆಗಳು. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಯಾರು ಗೆಲ್ಲುತ್ತಾರೆ ಅಂತ ಇಬ್ಬರಿಗೂ ಗೊತ್ತಾಗಿಬಿಟ್ಟಿರುತ್ತದೆ. ಉಳಿದ ಮೂರು ಸುತ್ತು ಸುಮ್ನೆ ದಾಳ ಉರುಳಿಸುವ ಶಾಸ್ತ್ರ. ನಿಜವಾದ ಆಟ ಹೋದ ವಾರವೇ, ಲಿಸ್ಟ್ ಬರೆಯುವಾಗಲೇ, ಅಂದರೆ ಆ ಪಾಯಿಂಟಿಗೆ ಯಾವ ಯಾವ ತುಕಡಿ ಅಂತ ಆರಿಸುವಾಗಲೇ ಮುಗಿದಿತ್ತು.

ಇದು ಕೆಟ್ಟ ಆಟ ಅಂತ ನಾನು ಹೇಳುವುದಿಲ್ಲ. ವರ್ಷಗಟ್ಟಲೆ ಇದನ್ನೇ ಆಡಿದ್ದೇನೆ, ಈಗಲೂ ಆಡುತ್ತೇನೆ. ಆದರೆ ಇದೇ ಗೊಂಬೆ, ಇದೇ ದಾಳ, ಇದೇ ರೂಲ್‌ಬುಕ್ ಇಟ್ಟುಕೊಂಡು ಇನ್ನೊಂದು ಥರವೂ ಆಡಬಹುದು: ಮೊದಲು ಒಂದು ಸನ್ನಿವೇಶ, ಆಮೇಲೆ ಅದಕ್ಕೆ ತಕ್ಕ ಸೈನ್ಯ. ಅದನ್ನು ಕಟ್ಟುವುದು ಹೇಗೆ ಅಂತ ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ನನ್ನ ಹಟ ಒಂದೇ. ಒಂದು ತುಕಡಿಗೆ ಬೆಲೆ ಬರುವುದು ಅದಕ್ಕೆ ಕೊಟ್ಟ ಕೆಲಸದಿಂದ. ಕೆಲಸ ಯಾವುದು ಅಂತ ತಿಳಿಯುವ ಮೊದಲೇ ಹಾಕಿದ ಪಾಯಿಂಟ್ ಬರೀ ಅಂದಾಜು.

ಎರಡೂ ಹಳೆಯ ದಾರಿಗಳೇ

ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಜ್ ತನ್ನ ತಂದೆ ಶುರುಮಾಡಿದ್ದ ಯುದ್ಧದಾಟವನ್ನು ತಿದ್ದಿ 1824ರಲ್ಲಿ ಪ್ರಕಟಿಸಿದ. ಅದರಲ್ಲಿ ನಕಾಶೆ ಇತ್ತು, ದಾಳ ಇತ್ತು, ಎಲ್ಲಕ್ಕಿಂತ ಮುಖ್ಯವಾಗಿ ಒಬ್ಬ ಅಂಪೈರ್ ಇದ್ದ. ಅಂಪೈರ್ ಒಂದು ಪರಿಸ್ಥಿತಿ ಹೇಳುತ್ತಿದ್ದ, ಆಟಗಾರರು ಆದೇಶ ಬರೆದುಕೊಡುತ್ತಿದ್ದರು. ಎರಡೂ ಕಡೆ ಸಮ ಇರಬೇಕು ಅಂತ ಯಾರೂ ಕೇಳುತ್ತಿರಲಿಲ್ಲ. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆ ಸಿಪಾಯಿಗಳು ಮತ್ತು ಸ್ಪ್ರಿಂಗ್ ಫಿರಂಗಿ ಇಟ್ಟುಕೊಂಡು ನಿಯಮ ಬರೆದಾಗಲೂ ಗೆಲುವಿಗೆ ಒಂದೇ ದಾರಿ ಇರಲಿಲ್ಲ. ಎದುರಾಳಿಯನ್ನು ಮುಗಿಸುವುದು ಒಂದು ಬಗೆ, ಅವನ ಹಿಂದಿನ ಗಡಿ ಹೋಗಿ ಮುಟ್ಟುವುದು ಇನ್ನೊಂದು ಬಗೆ.

ಪಾಯಿಂಟ್ ಪದ್ಧತಿ ಬಲವಾಗಿದ್ದಕ್ಕೂ ಒಳ್ಳೆಯ ಕಾರಣವೇ ಇದೆ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರು ಚರ್ಚೆ ಇಲ್ಲದೆ ಆಟಕ್ಕೆ ಕೂರಬೇಕಾದರೆ ಒಂದು ಅಳತೆಗೋಲು ಬೇಕೇ ಬೇಕು. ಅದಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 'ಏಜ್ ಆಫ್ ಸಿಗ್ಮಾರ್' ಅನ್ನುವ ಮಿನಿಯೇಚರ್ ಆಟವೇ ಸಾಕ್ಷಿ. 2015ರಲ್ಲಿ ಅದು ಬಂದಾಗ ಪಾಯಿಂಟೇ ಇರಲಿಲ್ಲ. ಒಂದೇ ವರ್ಷ. 2016ರಲ್ಲಿ ಪಾಯಿಂಟ್ ವಾಪಸ್ ಬಂತು. ಜೊತೆಗೆ ಮುಕ್ತ ಆಟ, ಕಥೆಯ ಆಟ, ಸಮಬಲದ ಆಟ ಅಂತ ಮೂರು ದಾರಿಗಳನ್ನೂ ಬೇರೆ ಮಾಡಿಟ್ಟರು. ಹಾಗಾಗಿ ಪಾಯಿಂಟನ್ನು ಎಸೆಯಿರಿ ಅಂತ ನಾನು ಹೇಳುತ್ತಿಲ್ಲ. ಅದನ್ನು ಥರ್ಮಾಮೀಟರ್ ಥರ ಬಳಸಿ. ಜ್ವರ ಎಷ್ಟಿದೆ ಅಂತ ಅದು ಹೇಳುತ್ತದೆ, ಔಷಧಿ ಅದರ ಕೆಲಸ ಅಲ್ಲ.

ಮೊದಲು ಲಿಸ್ಟ್‌ನವರ ಲೆಕ್ಕ ಕಲಿಯಿರಿ

ಸನ್ನಿವೇಶ ಕಟ್ಟುವವರಿಗೂ ಇದು ಬೇಕು. ಲೆಕ್ಕ ಬಾರದವರು ಕಟ್ಟಿದ ಸನ್ನಿವೇಶ ಕೇಳುವುದಕ್ಕೆ ಚೆಂದ, ಆಡುವಾಗ ಮುಗ್ಗರಿಸುತ್ತದೆ.

ಒಂದು ಕಾಲಾಳು ತುಕಡಿ ತೆಗೆದುಕೊಳ್ಳಿ. ಅಂಕಿಗಳು ನಾನೇ ಉದಾಹರಣೆಗೆ ಇಟ್ಟುಕೊಂಡವು. ಬೆಲೆ 100 ಪಾಯಿಂಟ್. ಒಂದು ಸುತ್ತಿಗೆ 10 ಗುಂಡು. ಆರು ಮುಖದ ದಾಳದಲ್ಲಿ 3 ಅಥವಾ ಜಾಸ್ತಿ ಬಿದ್ದರೆ ಗುಂಡು ತಾಗುತ್ತದೆ. 4 ಅಥವಾ ಜಾಸ್ತಿ ಬಿದ್ದರೆ ಗಾಯ. ಎದುರಾಳಿಗೆ 5 ಅಥವಾ ಜಾಸ್ತಿ ಬಿದ್ದರೆ ಅವನು ಬಚಾವ್. ಅಂದರೆ 10ರಲ್ಲಿ ಮೂರನೇ ಎರಡು ತಾಗುತ್ತದೆ, ಅದರಲ್ಲಿ ಅರ್ಧ ಗಾಯ, ಅದರಲ್ಲಿ ಮೂರನೇ ಎರಡು ಸಾವು. ಸರಾಸರಿ 2.22. ನೂರನ್ನು ಅದರಿಂದ ಭಾಗಿಸಿದರೆ ಒಂದು ಸಾವಿಗೆ 45 ಪಾಯಿಂಟ್ ಬಿತ್ತು.

ಈಗ ಹಗುರ ಕುದುರೆ ತುಕಡಿ. ಬೆಲೆ 60, ಗುಂಡು 5, ತಾಗುವುದಕ್ಕೆ 4 ಅಥವಾ ಜಾಸ್ತಿ, ಉಳಿದದ್ದೆಲ್ಲ ಅದೇ. ಸರಾಸರಿ 0.83. ಒಂದು ಸಾವಿಗೆ 72 ಪಾಯಿಂಟ್. ಲಿಸ್ಟ್ ಬರೆಯುವವರು ಇದನ್ನು ಎರಡನೇ ಸಲ ತಿರುಗಿಯೂ ನೋಡುವುದಿಲ್ಲ. ಬರಿದಾದ ಟೇಬಲ್ ಮೇಲೆ, ಕೊಲ್ಲುವುದೇ ಗುರಿ ಆಗಿದ್ದರೆ, ಅವರು ಹೇಳುವುದು ಸರಿಯೇ. ಈ 72ರ ಕುದುರೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟೂರ್ನಮೆಂಟಿಗೇ ಹೋಗುವವರಿಗೂ ಒಂದು ಮಾತು: ಲಿಸ್ಟ್ ಬರೆಯುವ ಮೊದಲು ಮಿಷನ್, ಅಂದರೆ ಆ ಆಟ ಗೆಲ್ಲಲು ಕೊಟ್ಟ ಗುರಿ ಏನು ಅಂತ ಓದಿ. ಕೊಲ್ಲುವುದಕ್ಕೆ ಎಷ್ಟು ತುಕಡಿ, ಗುರಿಯ ಮೇಲೆ ಕೂರುವುದಕ್ಕೆ ಎಷ್ಟು, ಓಡಾಡುವುದಕ್ಕೆ ಎಷ್ಟು ಅಂತ ಕೆಲಸ ಹಂಚಿ. ಮುಖ್ಯವಾದ ಕೆಲಸಕ್ಕೆ ಇಬ್ಬರಿರಲಿ, ಒಬ್ಬ ಸತ್ತರೆ ಇನ್ನೊಬ್ಬ.

ಹೆಜ್ಜೆ 1: ಒಂದೇ ವಾಕ್ಯದ ಕಾರಣ

ಈ ಎರಡು ಸೈನ್ಯ ಇವತ್ತು, ಇಲ್ಲಿ ಯಾಕೆ ಎದುರುಬದುರಾದವು? ಒಂದು ವಾಕ್ಯದಲ್ಲಿ ಬರೆಯಿರಿ. ಯಾರಿಗೆ ಏನು ಬೇಕು, ನಾಳೆ ಯಾಕೆ ಆಗುವುದಿಲ್ಲ, ಇವೆರಡು ಅದರಲ್ಲಿ ಬರಬೇಕು. 'ಎರಡು ಸೈನ್ಯ ಗುಡ್ಡಕ್ಕಾಗಿ ಹೊಡೆದಾಡುತ್ತವೆ' ಅಂದರೆ ಸಾಲದು. ಗುಡ್ಡ ಯಾಕೆ ಬೇಕು? 'ಸೋತು ಹಿಂದೆ ಸರಿಯುತ್ತಿರುವ ಸೈನ್ಯದ ಕೊನೆಯ ಮೂರು ಸಾಮಾನಿನ ಗಾಡಿ ಈಗಷ್ಟೇ ಸೇತುವೆ ದಾಟಿವೆ, ಬೆನ್ನಟ್ಟುವವರು ಹಿಂದೆಯೇ ಇದ್ದಾರೆ.' ಇದಾದರೆ ಆಯಿತು. ಗಾಡಿ ನಿಧಾನ, ಸೇತುವೆ ಕಿರಿದು, ಬೆನ್ನಟ್ಟುವವರಿಗೆ ಅವಸರ. ಅರ್ಧ ನಿಯಮ ಈ ವಾಕ್ಯದಲ್ಲೇ ಇವೆ. ಮಾರ್ಗದರ್ಶಿಯ ಉದ್ದಕ್ಕೂ ಇದನ್ನೇ ಕಟ್ಟುತ್ತಾ ಹೋಗೋಣ.

ಹೆಜ್ಜೆ 2: ಟೇಬಲ್ ಜೋಡಿಸಿ, ಇಂಚು ಅಳೆಯಿರಿ

ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಟೇಬಲ್. ಅಂದರೆ 72 ಇಂಚು, 48 ಇಂಚು. ನಟ್ಟನಡುವೆ ಅಡ್ಡಲಾಗಿ 4 ಇಂಚು ಅಗಲದ ನದಿ. ನಡುವೆ ಒಂದು ಸೇತುವೆ. ಅದರಿಂದ 15 ಇಂಚು ಪಕ್ಕಕ್ಕೆ, ಆಳ ಎಷ್ಟಿದೆ ಅಂತ ಯಾರಿಗೂ ಗೊತ್ತಿಲ್ಲದ ಒಂದು ಹಾಯ್ಗಡ, ಅಂದರೆ ನೀರಿಗಿಳಿದೇ ನದಿ ದಾಟುವ ಜಾಗ. ಎರಡೂ ಕಡೆ ಒಂದೇ ಥರ ಗಿಡಮರ ನೆಡುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಬೆನ್ನಟ್ಟುವವರಿರುವ ಈ ದಡದಲ್ಲಿ ಬಯಲು, ಗಾಡಿಗಳಿರುವ ಆ ದಡದಲ್ಲಿ ನಾಲ್ಕು ಮನೆ, ಒಂದು ತೋಪು. ನೆಲ ಯಾರಿಗೂ ಸಮ ಇರಬೇಕಿಲ್ಲ.

ಈಗ ನಾನು ಮಾಡಿದ ಎಡವಟ್ಟು ಹೇಳುತ್ತೇನೆ. ಈ ಸನ್ನಿವೇಶದ ಮೊದಲ ರೂಪದಲ್ಲಿ ದಾಳಿ ಮಾಡುವವರು ಟೇಬಲಿನ ತುದಿಯಿಂದ ಹೊರಡಬೇಕಿತ್ತು. ಆಟ ಆರು ಸುತ್ತು. ಕಾಲಾಳು ನಡೆಯುವುದು ಸುತ್ತಿಗೆ 6 ಇಂಚು. ತುದಿಯಿಂದ ಸೇತುವೆಗೆ ಹತ್ತಿರ ಹತ್ತಿರ 34 ಇಂಚು. ಲೆಕ್ಕ ಹಾಕಿದಿರಾ? ನಾನು ಹಾಕಿರಲಿಲ್ಲ. ಎರಡು ವಾರ ಕೂತು ಸೇತುವೆಯ ಕಲ್ಲಿಗೆಲ್ಲ ಬಣ್ಣ ಬಳಿದಿದ್ದೆ, ಟೇಪ್ ಹಿಡಿಯುವುದಕ್ಕೆ ಎರಡು ನಿಮಿಷ ಸಿಕ್ಕಿರಲಿಲ್ಲ. ನನ್ನ ಗೆಳೆಯ ಐದು ಸುತ್ತು ಬರೀ ನಡೆದ. ಆರನೆಯದರಲ್ಲಿ ಸೇತುವೆ ಮುಟ್ಟಿದ, ಆಟ ಮುಗಿಯಿತು. "ಒಳ್ಳೇ ವಾಕಿಂಗ್ ಆಯ್ತು ಕಣೋ" ಅಂದ.

ಅವತ್ತಿನಿಂದ ನನ್ನ ನಿಯಮ: ಯಾರೂ ಅಡ್ಡ ಬರದಿದ್ದರೆ ಗುರಿ ಮುಟ್ಟಲು ಎಷ್ಟು ಸುತ್ತು ಬೇಕೋ ಅದರ ಎರಡರಷ್ಟು ಆಟದ ಉದ್ದ. ದಾಳಿಯವರನ್ನು ನದಿಯಿಂದ 18 ಇಂಚು ದೂರದಲ್ಲಿ ಇಳಿಸಿ. 18ಕ್ಕೆ ನದಿಯ 4 ಸೇರಿಸಿದರೆ 22, ಅಂದರೆ ನಾಲ್ಕು ಸುತ್ತು. ಆಟ ಎಂಟು ಸುತ್ತು.

ಹೆಜ್ಜೆ 3: ಯಾರು ಇರುತ್ತಿದ್ದರೋ ಅವರೇ ಇರಲಿ

ಇಲ್ಲಿ ಲಿಸ್ಟ್ ಮನಸ್ಸು ಜಗಳ ತೆಗೆಯುತ್ತದೆ. 'ನನ್ನಲ್ಲಿರುವ ಅತಿ ಬಲವಾದ ತುಕಡಿ ಯಾವುದು' ಅನ್ನುವ ಪ್ರಶ್ನೆ ಬದಿಗಿಡಿ. 'ಹಿಂದೆ ಸರಿಯುವಾಗ ಗಾಡಿ ಕಾಯಲು ಯಾರನ್ನು ಬಿಟ್ಟು ಹೋಗಿರುತ್ತಾರೆ' ಅಂತ ಕೇಳಿ. ಕಾಯುವವರಿಗೆ ಮೂರು ಕಾಲಾಳು ತುಕಡಿ, ಒಂದು ಫಿರಂಗಿ. ಸಹಾಯಕ್ಕೆ ಬರುವ ಎರಡು ಕುದುರೆ ತುಕಡಿ ಆಮೇಲೆ. ಬೆನ್ನಟ್ಟುವವರಿಗೆ ಆರು ಕಾಲಾಳು, ಎರಡು ಹಗುರ ಕುದುರೆ, ಒಂದು ಫಿರಂಗಿ. ಆರಕ್ಕೆ ಒಂಬತ್ತು.

ಇದನ್ನು ನೋಡಿ ಯಾರಾದರೂ ಹುಬ್ಬೇರಿಸಿದರೆ ಅವರ ಅನುಮಾನ ಸುಳ್ಳಲ್ಲ. ಲ್ಯಾಂಚೆಸ್ಟರ್ ಅನ್ನುವ ಬ್ರಿಟಿಷ್ ಎಂಜಿನಿಯರ್ 1916ರಲ್ಲಿ ಪ್ರಕಟಿಸಿದ ಒಂದು ಲೆಕ್ಕ ಇದೆ. ಎಲ್ಲರೂ ಎಲ್ಲರ ಮೇಲೂ ಗುರಿಯಿಟ್ಟು ಹೊಡೆಯಬಹುದಾದ ಬಯಲಿನಲ್ಲಿ ಬಲ ಇರುವುದು ಸಂಖ್ಯೆಯಲ್ಲಲ್ಲ, ಸಂಖ್ಯೆಯ ವರ್ಗದಲ್ಲಿ. 9ರ ವರ್ಗ 81, 6ರ ವರ್ಗ 36. ವ್ಯತ್ಯಾಸ 45, ಅದರ ವರ್ಗಮೂಲ ಸುಮಾರು 6.7. ಅಂದರೆ ಒಂಬತ್ತರವರು ಎರಡು ಚಿಲ್ಲರೆ ತುಕಡಿ ಕಳೆದುಕೊಂಡು ಆರನ್ನೂ ಒರೆಸಿಹಾಕುತ್ತಾರೆ! ಸ್ವಲ್ಪ ಹೆಚ್ಚು ಸಂಖ್ಯೆ ಅಂತ ಕಂಡದ್ದು ನಿಜಕ್ಕೂ ಭಾರಿ ಹೆಚ್ಚು.

ಆದರೆ ಈ ಲೆಕ್ಕ ನಡೆಯುವುದು ಬಯಲಿನಲ್ಲಿ. ಸೇತುವೆ ಮೇಲೆ ಒಮ್ಮೆಗೆ ಒಂದೋ ಎರಡೋ ತುಕಡಿ ಮಾತ್ರ ಮುಂದೆ ಬರಲು ಸಾಧ್ಯ. ಉಳಿದ ಏಳು ಹಿಂದೆ ಸಾಲು ನಿಂತಿರುತ್ತವೆ. ಸಂಖ್ಯೆ ಜಾಸ್ತಿ ಇರುವವರ ಎದುರು ಕಿರಿದಾದ ಜಾಗ ಇಡಿ. ಸನ್ನಿವೇಶ ತೂಗಿಸುವುದರಲ್ಲಿ ನನಗೆ ಗೊತ್ತಿರುವ ಅತಿ ದೊಡ್ಡ ಕೀಲಿಕೈ ಇದೇ. 1879ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ರೋರ್ಕ್ಸ್ ಡ್ರಿಫ್ಟ್‌ನಲ್ಲಿ ಸುಮಾರು 150 ಬ್ರಿಟಿಷ್ ಕಾವಲಿನವರು ಮೂರು ಸಾವಿರಕ್ಕೂ ಹೆಚ್ಚು ಜುಲು ಯೋಧರನ್ನು ರಾತ್ರಿಯಿಡೀ ತಡೆದರು. ಚೀಲ, ಬಿಸ್ಕತ್ತಿನ ಪೆಟ್ಟಿಗೆ ಪೇರಿಸಿದ ಗೋಡೆ, ಅದರ ಒಳಗೆ ಚಿಕ್ಕ ಜಾಗ. ಯಾವ ಪಾಯಿಂಟ್ ಪದ್ಧತಿಯೂ ಆ ಎರಡು ಪಡೆಯನ್ನು ಒಂದೇ ಟೇಬಲಿಗೆ ತರುವುದಿಲ್ಲ. ಅದನ್ನು ಆಡಬೇಕಾದರೆ ಕಾವಲಿನವರ ಗೆಲುವು ಅಂದರೆ 'ಬೆಳಗಾಗುವವರೆಗೆ ನಿಂತಿರುವುದು' ಅಂತ ಬರೆಯಬೇಕು.

ಹೆಜ್ಜೆ 4: ಕೊಂದದ್ದಕ್ಕೆ ಸೊನ್ನೆ

ಗೆಲುವಿನ ಅಂಕ ಬರೆಯುವಾಗ ಕೈ ಬಿಗಿ ಇರಲಿ. ತುಕಡಿ ಕೊಂದದ್ದಕ್ಕೆ ಒಂದೇ ಒಂದು ಅಂಕ ಇಟ್ಟರೂ ಜನ ಹಳೆಯ ಚಾಳಿಗೆ ಮರಳುತ್ತಾರೆ, ಟೇಬಲಿನ ನಡುವೆ ಗುಂಪುಗೂಡಿ ಹೊಡೆದಾಡುತ್ತಾರೆ. ಹಾಗಾಗಿ ಕೊಂದದ್ದಕ್ಕೆ ಸೊನ್ನೆ.

ಕಾಯುವವರಿಗೆ: ಹಿಂದಿನ ತುದಿಯಿಂದ ಪಾರಾದ ಪ್ರತಿ ಗಾಡಿಗೆ 2, ಆಟದ ಕೊನೆಗೂ ಆ ದಡದ ಕಡೆಯ ಸೇತುವೆಯ ತುದಿ ಅವರ ಕೈಯಲ್ಲಿದ್ದರೆ 3. ಬೆನ್ನಟ್ಟುವವರಿಗೆ: ಹಿಡಿದ ಪ್ರತಿ ಗಾಡಿಗೆ 2, ಕೊನೆಗೆ ಆ ದಡದಲ್ಲಿರುವ ಪ್ರತಿ ತುಕಡಿಗೆ 1, ಹೆಚ್ಚೆಂದರೆ 3. ಇಬ್ಬರಿಗೂ ಗರಿಷ್ಠ 9. ಗಾಡಿಗೆ ತುಕಡಿ ತಾಗಿ ನಿಂತು, 3 ಇಂಚಿನೊಳಗೆ ಕಾಯುವವರು ಯಾರೂ ಇಲ್ಲದಿದ್ದರೆ ಗಾಡಿ ಹಿಡಿದ ಹಾಗೆ. ಅಂಕದ ವ್ಯತ್ಯಾಸ 1 ಆದರೆ ಕೂದಲೆಳೆ ಗೆಲುವು, 4 ಅಥವಾ ಜಾಸ್ತಿ ಆದರೆ ಪಕ್ಕಾ ಗೆಲುವು. ಗೆದ್ದೆ ಸೋತೆ ಅನ್ನುವ ಎರಡೇ ಮೆಟ್ಟಿಲಿಗಿಂತ ಹೀಗೆ ನಾಲ್ಕಾರು ಮೆಟ್ಟಿಲಿದ್ದರೆ ಸೋಲುತ್ತಿರುವವನೂ ಕೊನೆಯವರೆಗೆ ಮನಸ್ಸಿಟ್ಟು ಆಡುತ್ತಾನೆ.

ಈಗ ಆ 72ರ ಕುದುರೆಯನ್ನು ಕರೆಯಿರಿ. ಅದು ಸುತ್ತಿಗೆ 12 ಇಂಚು ಓಡುತ್ತದೆ. ಎರಡನೇ ಸುತ್ತಿಗೆ ಹಾಯ್ಗಡದ ನೀರಿನಲ್ಲಿ. ನೀರು ಅಡ್ಡಿ ಮಾಡದಿದ್ದರೆ ಮೂರನೇ ಸುತ್ತಿಗೆ ಆ ದಡದಲ್ಲಿ, ನಾಲ್ಕನೆಯದಕ್ಕೆ ಗಾಡಿಯ ಪಕ್ಕದಲ್ಲಿ. ಇಡೀ ಸೈನ್ಯದಲ್ಲಿ ಈ ಕೆಲಸ ಮಾಡಬಲ್ಲವರು ಬೇರೆ ಯಾರೂ ಇಲ್ಲ. ಕಾಯುವವನು ಮೂರೇ ಕಾಲಾಳು ತುಕಡಿಯಲ್ಲಿ ಒಂದನ್ನು ಕಿತ್ತು ಹಾಯ್ಗಡಕ್ಕೆ ಕಳಿಸಬೇಕು, ಇಲ್ಲವೇ ಸೇತುವೆ ಗಟ್ಟಿ ಇಟ್ಟುಕೊಂಡು ಗಾಡಿ ದೇವರ ಮೇಲೆ ಬಿಡಬೇಕು. ಲಿಸ್ಟ್‌ನಲ್ಲಿ ಕಸ ಅನಿಸಿದ ತುಕಡಿ ಇಲ್ಲಿ ಎದುರಾಳಿಯ ನಿದ್ದೆ ಕೆಡಿಸುತ್ತಿದೆ.

ಹೆಜ್ಜೆ 5: ಗೊತ್ತಿಲ್ಲದ್ದನ್ನು ಅಳತೆಯಲ್ಲಿ ಇಡಿ

ಯುದ್ಧದಲ್ಲಿ ಎಲ್ಲವೂ ಗೊತ್ತಿರುವುದಿಲ್ಲ. ಹಾಗಂತ ದಾಳದ ಮೇಲೆ ಎಲ್ಲ ಬಿಟ್ಟರೆ ಅದು ಲಾಟರಿ. ಈ ಸನ್ನಿವೇಶದಲ್ಲಿ ಮೂರು ಅನಿಶ್ಚಿತ ಸಂಗತಿ ಇವೆ, ಮೂರೂ ಲೆಕ್ಕ ಹಾಕಿ ಇಟ್ಟವು.

ಹಾಯ್ಗಡ: ಮೊದಲು ಇಳಿಯುವ ತುಕಡಿ ದಾಳ ಹಾಕಲಿ. 1 ಅಥವಾ 2 ಬಿದ್ದರೆ ಆಳ ಜಾಸ್ತಿ, ಇವತ್ತು ಯಾರೂ ದಾಟುವಂತಿಲ್ಲ. 3 ಅಥವಾ 4 ಬಿದ್ದರೆ ದಾಟಲು ಒಂದು ಪೂರ್ತಿ ಸುತ್ತು ಹಿಡಿಯುತ್ತದೆ. 5, 6 ಆದರೆ ಸಲೀಸು.

ಸಹಾಯಕ್ಕೆ ಬರುವ ಕುದುರೆ: ಮೂರನೇ ಸುತ್ತಿನಲ್ಲಿ 5 ಅಥವಾ ಜಾಸ್ತಿ ಬಿದ್ದರೆ ಬರುತ್ತವೆ, ನಾಲ್ಕನೆಯದರಲ್ಲಿ 4 ಅಥವಾ ಜಾಸ್ತಿ, ಐದನೆಯದರಲ್ಲಿ 3 ಅಥವಾ ಜಾಸ್ತಿ. ಐದರೊಳಗೂ ಬಾರದಿರುವ ಸಾಧ್ಯತೆ ಒಂಬತ್ತರಲ್ಲಿ ಒಂದು. ಆರನೇ ಸುತ್ತಿಗೆ ಬಂದೇ ಬರುತ್ತವೆ ಅಂತ ಬರೆದುಬಿಡಿ. ಕುದುರೆ ಬರದೇ ಆಟ ಕೆಟ್ಟರೆ ಯಾರಿಗೂ ಖುಷಿ ಇಲ್ಲ.

ಗಾಡಿ: ಹಿಂದಿನ ತುದಿಗೆ 24 ಇಂಚು ಇರುವಲ್ಲಿಂದ ಹೊರಡುತ್ತದೆ, ಸುತ್ತಿಗೆ 4 ಇಂಚು. ಪ್ರತಿ ಸುತ್ತೂ ಗಾಡಿಗೊಂದು ದಾಳ. 1 ಬಿದ್ದರೆ ಚಕ್ರ ಹೂತಿದೆ, ಆ ಸುತ್ತು ಕದಲುವುದಿಲ್ಲ. ಆರು ಸುತ್ತಿನ ದಾರಿ, ಎಂಟು ಸುತ್ತಿನ ಆಟ. ಯಾರೂ ತಡೆಯದಿದ್ದರೂ ಒಂದು ಗಾಡಿ ಪಾರಾಗುವ ಸಾಧ್ಯತೆ ಸುಮಾರು 86.5%. ಪಾರಾಗಬಹುದು, ಆದರೆ ಖಾತ್ರಿ ಇಲ್ಲ. ಆ ಹದ ಸಿಗುವವರೆಗೆ ದೂರವನ್ನು ಹಿಂದೆ ಮುಂದೆ ಮಾಡುತ್ತಾ ಹೋಗಿ.

ಅಂಪೈರ್ ಸಿಕ್ಕರೆ ಇನ್ನೂ ಒಳ್ಳೆಯದು, ಹಾಯ್ಗಡದ ಆಳ ಅವನೊಬ್ಬನಿಗೇ ಗೊತ್ತಿರಲಿ. ಸಿಗದಿದ್ದರೂ ಪರವಾಗಿಲ್ಲ. ಆದರೆ ವಿಶೇಷ ನಿಯಮ ಮೂರಕ್ಕಿಂತ ಜಾಸ್ತಿ ಬೇಡ. ನಾಲ್ಕನೆಯದನ್ನು ಆಟದ ನಡುವೆ ಇಬ್ಬರೂ ಮರೆತಿರುತ್ತಾರೆ, ಬರೆದವನೂ ಸೇರಿ.

ಹೆಜ್ಜೆ 6: ಒಬ್ಬರೇ ಎರಡು ಸುತ್ತು ಆಡಿ ನೋಡಿ

ಎಂಟು ಸುತ್ತೂ ಬೇಡ. ಎರಡು ಕಡೆಗೂ ನೀವೇ ನಿಂತು ಮೊದಲ ಎರಡು ಸುತ್ತು ನಡೆಸಿ. ಯಾವುದಾದರೂ ತುಕಡಿ ಕೆಲಸವಿಲ್ಲದೆ ನಿಂತಿದೆಯಾ? ಒಂದೇ ದಾರಿ ಕಣ್ಣಿಗೆ ಹೊಡೆಯುತ್ತಿದೆಯಾ? ಮೊದಲ ಸುತ್ತಿನಲ್ಲೇ ಫಿರಂಗಿಯ ಗುಂಡು ಸೇತುವೆ ದಾರಿಯನ್ನು ಪೂರ್ತಿ ಮುಚ್ಚಿಬಿಡುತ್ತದೆಯಾ? ಹಾಗಾದರೆ ಫಿರಂಗಿಗೆ ಎದುರು ಒಂದು ಮನೆ ಸರಿಸಿ ಇಡಿ, ನೋಟ ಅರ್ಧ ಕಟ್ಟಾಗಲಿ.

ಲಿಸ್ಟ್ ಪ್ರಿಯ ಗೆಳೆಯನನ್ನು ಒಪ್ಪಿಸುವುದು

ಇಷ್ಟೆಲ್ಲ ಮಾಡಿ ಕರೆದರೆ ಅವನು ಬಂದು ಟೇಬಲ್ ನೋಡಿ ಕೇಳುವ ಮೊದಲ ಮಾತು ಗೊತ್ತಲ್ವಾ?

"ಲೋ, ನಿಂಗೆ ಒಂಬತ್ತು ತುಕಡಿ, ನಂಗೆ ಆರು. ಇದ್ಯಾವ ನ್ಯಾಯ?"

"ಸರಿ, ನೀನು ಒಂಬತ್ತು ತಗೋ. ಆಮೇಲೆ ಬದಲಾಯಿಸಿಕೊಂಡು ಇನ್ನೊಂದು ಸಲ ಆಡೋಣ."

ಇದೇ ಮೊದಲ ಉಪಾಯ. ಕಡೆ ಬದಲಿಸಿ ಎರಡು ಸಲ ಆಡಿ. ಒಂದೇ ಕಡೆಯಲ್ಲಿ ಕೂತು ಯಾರು ಜಾಸ್ತಿ ಅಂಕ ಗಳಿಸಿದರೋ ಅವರು ಗೆದ್ದ ಹಾಗೆ. ಕಾಯುವಾಗ ಅವನಿಗೆ 5, ನಿಮಗೆ 4 ಬಂದರೆ ಅವನು ಮೇಲು. ಸನ್ನಿವೇಶ ವಾಲಿದ್ದರೂ ಸ್ಪರ್ಧೆ ನೆಟ್ಟಗಿರುತ್ತದೆ.

ಎರಡನೆಯದು ಹರಾಜು, ನನಗೆ ಅತಿ ಇಷ್ಟವಾದದ್ದು. ಬೆನ್ನಟ್ಟುವವರ ಪಡೆ 1500 ಪಾಯಿಂಟ್ ಅಂತ ನಿಗದಿ ಮಾಡಿ. ಟೇಬಲ್, ಅಂಕ, ನಿಯಮ ಎಲ್ಲ ಇಬ್ಬರೂ ನೋಡಿ. ಈಗ ಇಬ್ಬರೂ ಚೀಟಿಯಲ್ಲಿ ಬರೆಯಿರಿ: ಎಷ್ಟು ಪಾಯಿಂಟಿದ್ದರೆ ಈ ಸೇತುವೆ ಕಾಯುತ್ತೀರಿ? ಒಬ್ಬ 1000 ಬರೆದ, ಇನ್ನೊಬ್ಬ 900. ಕಡಿಮೆ ಬರೆದವನು ಕಾಯುತ್ತಾನೆ, 900ಕ್ಕೆ ತನ್ನ ಲಿಸ್ಟ್ ತಾನೇ ಕಟ್ಟಿಕೊಳ್ಳುತ್ತಾನೆ. ತೂಗಿಸುವ ತಲೆನೋವು ನಿಮ್ಮದಲ್ಲ, ಚೀಟಿಯದು. ಲಿಸ್ಟ್ ಕಟ್ಟುವ ಚಾಣಾಕ್ಷತನವೂ ವ್ಯರ್ಥವಾಗುವುದಿಲ್ಲ. ಸೋತರೆ ಗೊಣಗುವಂತೆಯೂ ಇಲ್ಲ, ಸಂಖ್ಯೆ ಬರೆದವನು ಅವನೇ.

ನಡುದಾರಿಯ ಆಟಗಳೂ ಇವೆ. 2013ರಲ್ಲಿ ಬಂದ 'ಚೈನ್ ಆಫ್ ಕಮಾಂಡ್' ಎರಡನೇ ಮಹಾಯುದ್ಧದ ಪ್ಲಟೂನ್ (ಕೆಲವೇ ಹತ್ತು ಸೈನಿಕರ ಚಿಕ್ಕ ಪಡೆ) ಮಟ್ಟದ ಆಟ. ಮೂಲ ಪ್ಲಟೂನ್ ಇತಿಹಾಸದಲ್ಲಿ ಹೇಗಿತ್ತೋ ಹಾಗೆ, ಅದರಲ್ಲಿ ನಿಮ್ಮ ಆಯ್ಕೆ ಇಲ್ಲ. ಆರಿಸಬೇಕಾದದ್ದು ಸಪೋರ್ಟ್, ಅಂದರೆ ಜೊತೆಗೆ ಸಿಗುವ ಹೆಚ್ಚುವರಿ ನೆರವು ಮಾತ್ರ. ಅದೂ ಆವತ್ತಿನ ಸನ್ನಿವೇಶ ಎಷ್ಟು ಕೊಡುತ್ತದೋ ಅಷ್ಟೇ. ಚಿಕ್ಕದಾಗಿ ಶುರುಮಾಡಬೇಕು ಅನ್ನುವವರಿಗೆ 2015ರ 'ಫ್ರಾಸ್ಟ್‌ಗ್ರೇವ್' ಇದೆ. ಒಬ್ಬ ಮಾಂತ್ರಿಕ, ಒಬ್ಬ ಶಿಷ್ಯ, ಎಂಟು ಸಿಪಾಯಿ. ಹತ್ತು ಗೊಂಬೆ ಸಾಕು. ಅಲ್ಲಿ ಓಟ ನಿಧಿಯ ಪೆಟ್ಟಿಗೆಗಾಗಿ, ಹೊಡೆದಾಟ ಅದರ ದಾರಿಯಲ್ಲಿ ಬರುವುದು.

ಒಂದು ಆಟದಿಂದ ಇನ್ನೊಂದಕ್ಕೆ

ಮೊದಲ ಆಟ ಮುಗಿದ ಕೂಡಲೇ ಗೊಂಬೆಗಳನ್ನು ಡಬ್ಬಿಗೆ ಹಾಕಬೇಡಿ. ಎಷ್ಟು ಗಾಡಿ ಪಾರಾದವು, ಯಾವ ತುಕಡಿ ಉಳಿಯಿತು ಅಂತ ಬರೆದಿಟ್ಟುಕೊಳ್ಳಿ. ಮುಂದಿನ ಆಟಕ್ಕೆ ಅದೇ ಶುರು. ಪಾರಾದ ಪ್ರತಿ ಗಾಡಿಗೆ ಕಾಯುವವರಿಗೆ ಒಂದು ಫಿರಂಗಿಯ ಮದ್ದುಗುಂಡು, ಸತ್ತ ತುಕಡಿ ಮುಂದಿನ ಸಲ ಅರ್ಧ ಬಲದಲ್ಲಿ. ಹೀಗೆ ಎರಡು ಆಟ ಜೋಡಿಸಿದರೆ ಆಟಗಾರರ ನಡೆಯೇ ಬೇರೆಯಾಗುತ್ತದೆ. ಏಳನೇ ಸುತ್ತಿನಲ್ಲಿ ಸುಮ್ನೆ ಒಂದು ತುಕಡಿಯನ್ನು ಬಲಿ ಕೊಡುವ ಅಭ್ಯಾಸ ತಾನಾಗಿ ನಿಲ್ಲುತ್ತದೆ, ಅವರು ನಾಳೆಯೂ ಬೇಕು.

ಆಮೇಲೆ ಎದುರಾಳಿಗೆ ಒಂದೇ ಪ್ರಶ್ನೆ ಕೇಳಿ: ಯಾವ ಸುತ್ತಿನಲ್ಲಿ ಏನು ಮಾಡಬೇಕು ಅಂತ ಗೊತ್ತಾಗದೆ ಜಾಸ್ತಿ ಹೊತ್ತು ಕೂತಿದ್ದೆ? ನನ್ನ ಸೇತುವೆಯ ಆಟದಲ್ಲಿ ಗೆಳೆಯ ಹೇಳಿದ್ದು ಮೂರನೇ ಸುತ್ತು. ಹಾಯ್ಗಡಕ್ಕೆ ತುಕಡಿ ಕಳಿಸಬೇಕೋ ಬೇಡವೋ ಅಂತ ಹತ್ತು ನಿಮಿಷ ದಾಳವನ್ನು ಅಂಗೈಯಲ್ಲೇ ತಿರುಗಿಸುತ್ತಾ ಕೂತಿದ್ದನಂತೆ. ಕೊನೆಗೆ ಕಳಿಸಲಿಲ್ಲ. ಕುದುರೆ ನೀರಿಗಿಳಿಯುವಾಗ ನಾನು ಹಾಕಿದ ದಾಳದಲ್ಲಿ ಬಿದ್ದದ್ದು 1.